ನಲ್ಲಿ ಬಿಲ್ಲಿನೊಳಗೆ ಕಚೇರಿಯ ಪಾಲು ಎಷ್ಟು?

ಜಮಾಅತ್ ಮಹಾಸಭೆ ಹೇಗಿರುತ್ತದೆ ಅಂತ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಖಜಾಂಚಿ ಎದ್ದು ನಿಂತು ಲೆಕ್ಕ ಓದುತ್ತಾರೆ. ಅರ್ಧ ಜನ ತಲೆ ಅಲ್ಲಾಡಿಸುತ್ತಾರೆ, ಇನ್ನರ್ಧ ಜನ ಗಡಿಯಾರ ನೋಡುತ್ತಾರೆ. ಕೆಲ ವರ್ಷಗಳ ಹಿಂದೆ ನಾವು ಕೂತಿದ್ದ ಅಂಥ ಒಂದು ಸಭೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಕೈ ಎತ್ತಿದರು. "ಮದ್ರಸ ನಷ್ಟದಲ್ಲಿದೆ ಅಂತ ಓದಿದ್ರಿ. ಕರೆಂಟು ಬಿಲ್ಲು ಯಾರ ತಲೆ ಮೇಲೆ ಹಾಕಿದ್ದೀರಿ?" ಅಂತ ಕೇಳಿದರು.

ಸಭೆ ಎಚ್ಚೆತ್ತಿತು. ಅಲ್ಲಿ ಇದ್ದದ್ದು ಒಂದೇ ಬಾವಿ, ಒಂದೇ ಮೋಟಾರು, ಒಂದೇ ಮೀಟರು. ಅದೇ ನೀರು ವುಳೂ ಮಾಡುವ ಹೌಳಿಗೆ, ಅದೇ ನೀರು ಮದ್ರಸದ ಮಕ್ಕಳ ಪಾಯಿಖಾನೆಗೆ, ಅದೇ ನೀರು ರಸ್ತೆ ಬದಿಯ ನಾಲ್ಕು ಬಾಡಿಗೆ ಕೋಣೆಗಳಿಗೆ. ಬಿಲ್ಲು ಮಾತ್ರ ಪೂರ್ತಿಯಾಗಿ ಮದ್ರಸದ ಖಾತೆಯಲ್ಲಿ ಬರೆದಿತ್ತು. ಯಾರೂ ಕದ್ದಿರಲಿಲ್ಲ. ಮೊದಲಿನಿಂದ ಹಾಗೇ ಬರೆದುಕೊಂಡು ಬಂದಿದ್ದರು, ಅಷ್ಟೆ. ಆದರೆ ಅದರಿಂದ ಆದದ್ದೇನು? ಮದ್ರಸ ನಷ್ಟದಲ್ಲಿ ಕಂಡಿತು, ಮಕ್ಕಳ ಫೀಸು ಏರಿಸಬೇಕು ಅನ್ನುವ ಮಾತು ಬಂತು. ಕೋಣೆಗಳ ಬಾಡಿಗೆ ಮಾತ್ರ ಲಾಭದಲ್ಲಿ ಕಂಡಿತು. ಒಂದು ಕಡೆ ಬರೆಯಬೇಕಾದ್ದನ್ನು ಇನ್ನೊಂದು ಕಡೆ ಬರೆದರೆ ಬಡವರ ಮನೆಯ ಮಗುವಿನ ಫೀಸು ಏರುತ್ತದೆ ಅಂತ ನಮಗೆ ಅವತ್ತು ಅರ್ಥವಾಯಿತು.

ಇವತ್ತು ಈ ಪುಟದಲ್ಲಿ ನಾವು ಹೇಳಹೊರಟಿರುವುದು ಮಸೀದಿ ಲೆಕ್ಕವಲ್ಲ, ಊರಿನ ಲೆಕ್ಕ. ಪುರಸಭೆಯ ಒಂದೇ ಕಚೇರಿಯಲ್ಲಿ ಕಂದಾಯವೂ ಇದೆ, ಜನನ ಪತ್ರವೂ ಇದೆ, ಕಸವೂ ಇದೆ, ಕುಡಿಯುವ ನೀರೂ ಇದೆ. ಆ ಕಚೇರಿಯ ಖರ್ಚಿನಲ್ಲಿ ನೀರಿನ ಪಾಲು ಎಷ್ಟು? ಅದನ್ನು ನಲ್ಲಿ ಇರುವವರು ಕೊಡಬೇಕೋ, ತೆರಿಗೆ ಕಟ್ಟುವ ಎಲ್ಲರೂ ಕೊಡಬೇಕೋ?

ಹೊಳೆ ಪಕ್ಕದ ಊರಿಗೂ ನೀರು ಬಿಟ್ಟಿಯಲ್ಲ

ಘಟ್ಟದ ಕೆಳಗಿನಿಂದ ಮೇಲೆ ಬಂದ ನಮ್ಮಂಥವರಿಗೆ ಕೃಷ್ಣರಾಜನಗರ ಮೊದಲ ನೋಟಕ್ಕೇ ಹಿಡಿಸುವ ಊರು. ಭತ್ತದ ಕಣಜ ಅಂತ ಹೆಸರು. ಕಾವೇರಿಯ ಪ್ರವಾಹದಲ್ಲಿ ಹಳೆಯ ಎಡತೊರೆ ತೊಂದರೆಗೆ ಸಿಕ್ಕ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಯೋಜನೆ ಹಾಕಿ ಕಟ್ಟಿದ ಊರಿದು, ಅವರ ಹೆಸರೇ ಊರಿಗೆ ಬಂತು. ಹೊಳೆ ಕೂಗಳತೆಯಲ್ಲಿದೆ. ಹಾಗಾಗಿ ಇಲ್ಲಿ ಅನೇಕರಿಗೆ ಒಂದು ಭಾವನೆ: "ಕಾವೇರಿ ನಮ್ಮ ಬಾಗಿಲಲ್ಲೇ ಹರೀತಾಳೆ, ನೀರಿಗೆ ಯಾಕೆ ದುಡ್ಡು?"

ಹೊಳೆಗೆ ದುಡ್ಡು ಕೊಡಬೇಕಾಗಿಲ್ಲ, ನಿಜ. ಆದರೆ ಹೊಳೆಯಿಂದ ಎತ್ತುವ ಪಂಪಿಗೆ ಕರೆಂಟು ಬೇಕು. ಶುದ್ಧ ಮಾಡಲು ಆಲಂ, ಕ್ಲೋರಿನ್ ಬೇಕು. ಪೈಪು ಒಡೆದರೆ ಅಗೆಯುವ ಕೈ ಬೇಕು, ಬೀದಿ ಬೀದಿಗೆ ಹೋಗಿ ವಾಲ್ವು ತಿರುಗಿಸುವ ಮನುಷ್ಯ ಬೇಕು. ಇವು ಕಣ್ಣಿಗೆ ಕಾಣುವ ಖರ್ಚು. ಇವುಗಳ ಹಿಂದೆ ಕಣ್ಣಿಗೆ ಕಾಣದ ಖರ್ಚು ಇನ್ನೊಂದಿದೆ. ಮುಖ್ಯಾಧಿಕಾರಿಯ ಸಂಬಳ, ಲೆಕ್ಕಿಗರ ಸಂಬಳ, ಬಿಲ್ಲು ಬರೆಯುವವರು, ಕಂಪ್ಯೂಟರು, ಕಟ್ಟಡ, ಜೀಪಿನ ಡೀಸೆಲು, ಕೋರ್ಟಿನ ವಕೀಲರ ಫೀಸು. ಇವರು ಬೆಳಿಗ್ಗೆ ನೀರಿನ ಕಡತ ನೋಡಿ ಮಧ್ಯಾಹ್ನ ಕಂದಾಯದ ಕಡತ ನೋಡುತ್ತಾರೆ. ಇದೇ ಆಡಳಿತ ವೆಚ್ಚ. ಇದನ್ನು ಹಂಚುವುದರಲ್ಲೇ ಇರುವುದು ಎಲ್ಲ ತಕರಾರು.

ನಮ್ಮ ರಾಜ್ಯದಲ್ಲೇ ಮೂರು ಬಗೆ

ನೀರು ಕೊಡುವುದು ಯಾರ ಕೆಲಸ? 1992ರಲ್ಲಿ ಆದ ಸಂವಿಧಾನದ 74ನೇ ತಿದ್ದುಪಡಿ ಹನ್ನೆರಡನೇ ಅನುಸೂಚಿಯಲ್ಲಿ ನೀರು ಪೂರೈಕೆಯನ್ನು ನಗರ ಸ್ಥಳೀಯ ಸಂಸ್ಥೆಗಳ ಕೆಲಸಗಳ ಪಟ್ಟಿಗೆ ಸೇರಿಸಿತು. ಆದರೆ ಕರ್ನಾಟಕದಲ್ಲಿ ಅದು ಎಲ್ಲ ಊರಲ್ಲಿ ಒಂದೇ ಥರ ಇಲ್ಲ.

ಬೆಂಗಳೂರಿನಲ್ಲಿ 1964ರಿಂದಲೇ ಜಲಮಂಡಳಿ ಬೇರೆ, ಪಾಲಿಕೆ ಬೇರೆ. ಮಂಡಳಿಗೆ ತನ್ನದೇ ಅಧ್ಯಕ್ಷರು, ತನ್ನದೇ ಕಚೇರಿ, ತನ್ನದೇ ಲೆಕ್ಕ. ಅಲ್ಲಿ ನೀರಿನ ಬಿಲ್ಲು ಕಟ್ಟಿದವನ ದುಡ್ಡು ನೀರಿನ ಕಚೇರಿಗೇ ಹೋಗುತ್ತದೆ. ನಷ್ಟವಾದರೂ ಗೊತ್ತಾಗುತ್ತದೆ. ಸುಮಾರು ಹನ್ನೊಂದು ವರ್ಷ ದರ ಮುಟ್ಟದೆ ಇದ್ದು, 2025ರ ಏಪ್ರಿಲ್‌ನಲ್ಲಿ ಏರಿಸಿದಾಗ, ಯಾಕೆ ಏರಿಸಿದಿರಿ ಅಂತ ಕೇಳಲು ಎದುರಿಗೆ ಒಂದು ಸಂಸ್ಥೆಯಾದರೂ ಇತ್ತು.

ಮೈಸೂರಿನಲ್ಲಿ ವಾಣಿವಿಲಾಸ ನೀರು ಸರಬರಾಜು ಘಟಕ. ಹೆಸರು ಅರಮನೆ ಕಾಲದ್ದು, ಬೇರೆ ಕಚೇರಿ ಇದೆ, ಆದರೆ ಅದು ಮಹಾನಗರ ಪಾಲಿಕೆಯ ಒಳಗಿನ ಅಂಗ. ಮನೆ ಒಂದೇ, ಅಡುಗೆ ಕೋಣೆ ಬೇರೆ ಅಂದಹಾಗೆ. 2008ರಲ್ಲಿ ಮೈಸೂರಿನ ನೀರು ವಿತರಣೆಯನ್ನು ಜಮ್‌ಶೆಡ್‌ಪುರದ ಜುಸ್ಕೋ ಕಂಪೆನಿಗೆ ಒಪ್ಪಂದದ ಮೇಲೆ ಕೊಟ್ಟರು, ಕೆಲ ವರ್ಷಗಳ ಮೇಲೆ ಅದು ಮತ್ತೆ ಪಾಲಿಕೆಯ ಕೈಗೇ ಬಂತು.

ಮೂರನೆಯ ಬಗೆ ನಮ್ಮದು, ಸಣ್ಣ ಊರುಗಳದ್ದು. ದೊಡ್ಡ ಯೋಜನೆ ಕಟ್ಟಿಕೊಡಲು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಇದೆ, 1973ರ ಕಾಯ್ದೆಯ ಮೇಲೆ ಹುಟ್ಟಿದ್ದು. ಮಂಡಳಿ ಸಾಮಾನ್ಯವಾಗಿ ಕಟ್ಟಿ, ಚಾಲೂ ಮಾಡಿ, ಪುರಸಭೆಗೆ ಒಪ್ಪಿಸುತ್ತದೆ. ಇಲ್ಲಿ ಒಂದು ಕುತೂಹಲದ ವಿಷಯವಿದೆ. ಮಂಡಳಿಯಾಗಲಿ ಲೋಕೋಪಯೋಗಿ ಇಲಾಖೆಯಾಗಲಿ ಇನ್ನೊಬ್ಬರ ಕೆಲಸ ಮಾಡಿಕೊಟ್ಟರೆ ಅಂದಾಜು ಪಟ್ಟಿಯ ಕೊನೆಯಲ್ಲಿ ಸಿಬ್ಬಂದಿ ಮತ್ತು ಉಪಕರಣದ ಬಾಬ್ತು ಅಂತ ಇಷ್ಟು ಪರ್ಸೆಂಟ್ ಸೇರಿಸುತ್ತಾರೆ. ಕಂಟ್ರಾಕ್ಟರುಗಳ ಭಾಷೆಯಲ್ಲಿ ಅದು ಇಟಿಪಿ ಚಾರ್ಜು. ಅಂದರೆ ಪೈಪು ಹಾಕುವ ಮಂಡಳಿ ತನ್ನ ಕಚೇರಿ ಖರ್ಚನ್ನು ಸಾಲು ಬರೆದು ತೆಗೆದುಕೊಳ್ಳುತ್ತದೆ. ಅದೇ ಪೈಪಿನಲ್ಲಿ ಮೂವತ್ತು ವರ್ಷ ನೀರು ಬಿಡುವ ಪುರಸಭೆಯ ಲೆಕ್ಕದಲ್ಲಿ ಮಾತ್ರ ನೀರಿನ ಪಾಲಿನ ಕಚೇರಿ ಖರ್ಚನ್ನು ಜನಸಾಮಾನ್ಯ ಓದಿ ತಿಳಿಯುವಂಥ ಸಾಲು ಹುಡುಕುವುದು ಕಷ್ಟ.

ಕರಾವಳಿಯ ಓದುಗರಿಗೂ ಇದು ದೂರದ ಮಾತಲ್ಲ. ತುಂಬೆಯ ಅಣೆಕಟ್ಟಿನಿಂದ ನೇತ್ರಾವತಿ ನೀರು ಎತ್ತುವುದು ಮಂಗಳೂರು ಪಾಲಿಕೆಯೇ. ಅದೇ ನೀರು ಉಳ್ಳಾಲ, ಮೂಲ್ಕಿ ಕಡೆಗೂ ಹೋಗಿದೆ. ಒಂದು ಊರು ಇನ್ನೊಂದು ಊರಿಗೆ ನೀರು ಕೊಡುವಾಗ ದರದಲ್ಲಿ ಬರೀ ಪಂಪಿನ ಕರೆಂಟು ಸೇರಿಸಬೇಕೋ, ಪಾಲಿಕೆಯ ಎಂಜಿನಿಯರ್ ಸಂಬಳವನ್ನೂ ಸೇರಿಸಬೇಕೋ? ಅಲ್ಲಿಯೂ ಎದುರಾಗುವ ಪ್ರಶ್ನೆ ಇದೇ.

ಕರೆಂಟಿನವರ ಲೆಕ್ಕ ನೋಡಿ ಕಲಿಯಬಹುದು

ಮೊದಲು ನಮಗೆ ಕೆಇಬಿ ಇತ್ತು. 1999ರಲ್ಲಿ ಅದು ಹೋಗಿ ಕೆಪಿಟಿಸಿಎಲ್ ಬಂತು, 2002ರಲ್ಲಿ ವಿತರಣೆಗೆ ಬೇರೆ ಬೇರೆ ಕಂಪೆನಿಗಳಾದವು. ಮೈಸೂರು ಕಡೆ ಮೊದಲು ಮಂಗಳೂರಿನ ಮೆಸ್ಕಾಂ ಜೊತೆಗೇ ಇತ್ತು, 2005ರ ಹೊತ್ತಿಗೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಅಂತ ಬೇರೆಯಾಯಿತು. ಈ ಕಂಪೆನಿಗಳು ದರ ಏರಿಸಬೇಕಾದರೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಅರ್ಜಿ ಹಾಕಬೇಕು. ಅರ್ಜಿಯಲ್ಲಿ ವಿದ್ಯುತ್ ಖರೀದಿ ಒಂದು ಸಾಲು, ನೌಕರರ ವೆಚ್ಚ ಒಂದು ಸಾಲು, ದುರಸ್ತಿ ಒಂದು ಸಾಲು, ಆಡಳಿತ ಮತ್ತು ಸಾಮಾನ್ಯ ವೆಚ್ಚ ಒಂದು ಸಾಲು. ಆಮೇಲೆ ಸಾರ್ವಜನಿಕ ವಿಚಾರಣೆ. ಒಬ್ಬ ರೈತ ಎದ್ದು "ಈ ಖರ್ಚು ಯಾಕೆ?" ಅಂತ ಕೇಳಿದರೆ ಅದು ದಾಖಲಾಗುತ್ತದೆ, ಉತ್ತರ ಕೊಡಬೇಕು.

ಇದರಿಂದ ಎಲ್ಲ ಸರಿಹೋಗಿದೆ ಅಂತ ನಾವು ಹೇಳುತ್ತಿಲ್ಲ. 2025ರ ಏಪ್ರಿಲ್‌ನಿಂದ ವಿದ್ಯುತ್ ಬಿಲ್ಲಿನಲ್ಲಿ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು ಯೂನಿಟ್ಟಿಗೆ 36 ಪೈಸೆ ಸೇರಿತು. ಹಿಂದೆ ಯಾವಾಗಲೋ ಕೆಲಸ ಮಾಡಿ ನಿವೃತ್ತರಾದವರ ಪಿಂಚಣಿಯನ್ನು ಸರ್ಕಾರ ಕೊಡಬೇಕೋ, ಇವತ್ತು ದೀಪ ಹಚ್ಚುವವನು ಕೊಡಬೇಕೋ ಅನ್ನುವ ವಾದ ಹೈಕೋರ್ಟಿನವರೆಗೂ ಹೋಯಿತು. ಜನ ಸಿಟ್ಟಾದರು. ಆದರೆ ನೋಡಿ, ಸಿಟ್ಟಾಗಲು ಅವರ ಕೈಯಲ್ಲಿ ಒಂದು ಅಂಕಿ ಇತ್ತು. 36 ಪೈಸೆ ಅಂತ ಬರೆದಿತ್ತು. ಬರೆದದ್ದನ್ನು ಪ್ರಶ್ನಿಸಬಹುದು, ಬರೆಯದೇ ಇದ್ದದ್ದನ್ನು ಏನಂತ ಪ್ರಶ್ನಿಸೋದು?

ಊರಿನ ನಲ್ಲಿ ನೀರಿಗೆ ಅಂಥ ಆಯೋಗ ನಮ್ಮಲ್ಲಿಲ್ಲ.

ಹಂಚುವ ಅಳತೆ ಬದಲಾದರೆ ಬಿಲ್ಲೂ ಬದಲು

"ಹಂಚುವುದು ಅಂದರೆ ಏನು ಮಹಾ, ಕಾಲು ಭಾಗ ಹಾಕಿದರಾಯ್ತು" ಅನ್ನುವವರಿದ್ದಾರೆ. ಒಂದು ಕಲ್ಪಿತ ಊರನ್ನು ಇಟ್ಟುಕೊಂಡು ಮದ್ರಸದ ಹಲಗೆಯ ಮೇಲೆ ಲೆಕ್ಕ ಮಾಡೋಣ. ಯಾವ ಪುರಸಭೆಯ ಅಂಕಿಯೂ ಅಲ್ಲ, ಬರೀ ಉದಾಹರಣೆ.

ಆ ಊರಿನ ಕಚೇರಿಯ ವರ್ಷದ ಆಡಳಿತ ಖರ್ಚು 60 ಲಕ್ಷ ರೂಪಾಯಿ. ನಲ್ಲಿಗಳು 4,000. ಕಚೇರಿ ಬರೆಯುವ ನೂರು ಬಿಲ್ಲಿನಲ್ಲಿ 40 ನೀರಿನ ಬಿಲ್ಲು. ಬಿಲ್ಲಿನ ಲೆಕ್ಕದಲ್ಲಿ ಹಂಚಿದರೆ ನೀರಿನ ಪಾಲು 24 ಲಕ್ಷ, ಒಂದು ನಲ್ಲಿಗೆ ತಿಂಗಳಿಗೆ 50 ರೂಪಾಯಿ. ಸಿಬ್ಬಂದಿ ಕೊಡುವ ಸಮಯದ ಲೆಕ್ಕದಲ್ಲಿ ನೋಡಿದರೆ ನೀರಿಗೆ ಕಾಲು ಭಾಗ ಸಮಯ ಹೋಗುತ್ತದೆ ಅನ್ನಿ, ಆಗ ಪಾಲು 15 ಲಕ್ಷ, ತಿಂಗಳಿಗೆ 31 ರೂಪಾಯಿ ಚಿಲ್ಲರೆ. ಒಟ್ಟು ಖರ್ಚಿನಲ್ಲಿ ನೀರಿನ ವಿಭಾಗದ್ದೇ ಅರ್ಧ ಅಂತ ಅರ್ಧ ಹೊರಿಸಿದರೆ 30 ಲಕ್ಷ, ತಿಂಗಳಿಗೆ 62 ರೂಪಾಯಿ ಐವತ್ತು ಪೈಸೆ. ಕಚೇರಿ ಅದೇ, ನೀರು ಅದೇ, ನಲ್ಲಿ ಅದೇ. ಅಳತೆ ಬದಲಾದದ್ದಕ್ಕೆ ಬಿಲ್ಲು ದುಪ್ಪಟ್ಟು.

ಹಾಗಾಗಿ ಯಾವ ಅಳತೆ ಅನ್ನುವುದು ಲೆಕ್ಕಿಗರ ಕೋಣೆಯಲ್ಲಿ ಮುಗಿಯುವ ವಿಷಯ ಆಗಬಾರದು. ನಮ್ಮ ಅಭಿಪ್ರಾಯ ಕೇಳಿದರೆ, ಯಾವ ಖರ್ಚಿಗೆ ಯಾವುದು ಕಾರಣವೋ ಅದೇ ಅದರ ಅಳತೆ. ಬಿಲ್ಲು ಬರೆಯುವ ಖರ್ಚನ್ನು ಬಿಲ್ಲಿನ ಸಂಖ್ಯೆಯಿಂದ ಹಂಚಿ. ಅಧಿಕಾರಿಗಳ ಸಂಬಳವನ್ನು ಸಮಯದಿಂದ ಹಂಚಿ. ಕಟ್ಟಡವನ್ನು ಕೂರುವ ಜಾಗದಿಂದ ಹಂಚಿ. ಕೌನ್ಸಿಲ್ ಸಭೆಯ ಖರ್ಚು, ಚುನಾಯಿತ ಸದಸ್ಯರ ಗೌರವಧನ ಇತ್ಯಾದಿಯನ್ನು ನೀರಿಗೆ ಹಾಕಲೇಬೇಡಿ. ನಲ್ಲಿ ಇಲ್ಲದಿದ್ದರೂ ಊರಿಗೆ ಕೌನ್ಸಿಲ್ ಬೇಕೇ ಬೇಕಲ್ವಾ? ಅದು ತೆರಿಗೆಯ ಬಾಬ್ತು.

ಎರಡೂ ಕಡೆ ಮೋಸ ಸಾಧ್ಯ

ಪಾಲು ಹಾಕದೇ ಬಿಟ್ಟರೆ ಏನು ತೊಂದರೆ? ನೀರು ಅಗ್ಗವಾಗಿ ಕಾಣುತ್ತದೆ. ಮನೆಯಲ್ಲಿ ಮೂರು ನಲ್ಲಿ, ಮೇಲೊಂದು ಟ್ಯಾಂಕು, ಕಾರು ತೊಳೆಯಲು ಪೈಪು ಇರುವವನ ಕಚೇರಿ ಖರ್ಚನ್ನು ಬೀದಿ ನಲ್ಲಿಯಲ್ಲಿ ಕೊಡ ಹಿಡಿದು ನಿಲ್ಲುವವಳು ತನ್ನ ಪುಟ್ಟ ಮನೆಯ ಕಂದಾಯದಲ್ಲಿ, ಅಥವಾ ಬಾಡಿಗೆಯಲ್ಲಿ ತೆರುತ್ತಾಳೆ. ಬಾಡಿಗೆ ಮನೆಯವರಿಗೆ ಇದು ಗೊತ್ತೇ ಆಗುವುದಿಲ್ಲ. ನಮ್ಮವರಲ್ಲಿ ಪೇಟೆ ಪೇಟೆಯಲ್ಲಿ ಬಾಡಿಗೆ ಮನೆಯಲ್ಲಿ, ಬಾಡಿಗೆ ಅಂಗಡಿಯಲ್ಲಿ ಇರುವವರೇ ಜಾಸ್ತಿ.

ಹೆಚ್ಚು ಪಾಲು ಹಾಕಿದರೆ? ಆಗ ನೀರಿನ ಬಿಲ್ಲು ಹಿಂಬಾಗಿಲ ತೆರಿಗೆಯಾಗುತ್ತದೆ. ತೆರಿಗೆ ಏರಿಸಿದರೆ ಸದಸ್ಯರಿಗೆ ಮತ ಹೋಗುವ ಭಯ. ನೀರಿನ ಬಿಲ್ಲು ಕಟ್ಟದಿದ್ದರೆ ಪೈಪು ಕತ್ತರಿಸುತ್ತಾರೆ ಅನ್ನುವ ಭಯ ಜನರಿಗೆ. ಹಾಗಾಗಿ ವಸೂಲಿಗೆ ನೀರೇ ಸುಲಭದ ದಾರಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದೇ ಅನುಮಾನದಿಂದ 1996ರಲ್ಲಿ ಮತದಾರರು ಒಂದು ನಿಯಮ ತಂದರು. ನೀರಿನಂಥ ಸೇವೆಯ ಶುಲ್ಕ ಆ ಸೇವೆ ಕೊಡಲು ತಗಲುವ ವೆಚ್ಚ ಮೀರಬಾರದು ಅಂತ. ಅಲ್ಲಿನ ರೆಡ್ಡಿಂಗ್ ಅನ್ನುವ ಊರು ತನ್ನದೇ ವಿದ್ಯುತ್ ವಿಭಾಗದಿಂದ ವರ್ಷ ವರ್ಷ ಊರಿನ ಸಾಮಾನ್ಯ ನಿಧಿಗೆ ಹಣ ವರ್ಗಾಯಿಸುತ್ತಿತ್ತು. ಜನ ಕೋರ್ಟಿಗೆ ಹೋದರು. 2018ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಊರಿನ ಪರವಾಗಿಯೇ ತೀರ್ಪು ಕೊಟ್ಟಿತು. ಸೋತರೋ ಗೆದ್ದರೋ ಬೇರೆ ಮಾತು, ಲೆಕ್ಕ ಬರೆದಿದ್ದ ಕಾರಣಕ್ಕೆ ಅವರು ಕೋರ್ಟಿನ ಬಾಗಿಲಿಗಾದರೂ ಹೋಗಲು ಆಯಿತು.

ನಮ್ಮ ಸಮುದಾಯಕ್ಕೆ ಪರಿಚಯದ ಉದಾಹರಣೆ ಬೇಕಾದರೆ ವಕ್ಫ್ ಕಾಯ್ದೆಯನ್ನೇ ನೋಡಿ. ವಕ್ಫ್ ಸಂಸ್ಥೆಗಳು ಮಂಡಳಿಗೆ ಕೊಡುವ ವಾರ್ಷಿಕ ವಂತಿಗೆ ನಿವ್ವಳ ಆದಾಯದ ಶೇ. 7 ಮೀರಬಾರದು ಅಂತ 1995ರ ಕಾಯ್ದೆ ಹೇಳಿತ್ತು, 2025ರ ತಿದ್ದುಪಡಿ ಆ ಮಿತಿಯನ್ನು ಶೇ. 5ಕ್ಕೆ ಇಳಿಸಿತು. ತಿದ್ದುಪಡಿಯ ಬೇರೆ ಅಂಶಗಳ ಚರ್ಚೆ ಇಲ್ಲಿ ಬೇಡ. ನಾವು ಹೇಳುವುದಿಷ್ಟೆ: ಮೇಲ್ವಿಚಾರಣೆಯ ಖರ್ಚಿಗೆ ಒಂದು ಮಿತಿ ಬರೆದಿಡುವುದು ಈ ದೇಶದಲ್ಲಿ ಹೊಸದಲ್ಲ. ಪುರಸಭೆಯೂ ಕಂದಾಯದ ಜೊತೆ ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3 ಎತ್ತಿ ಆ ಇಲಾಖೆಗಳಿಗೆ ಕಳಿಸುವಾಗ ಸಂಗ್ರಹ ವೆಚ್ಚ ಅಂತ ಒಂದು ಪಾಲು ಹಿಡಿದುಕೊಳ್ಳುತ್ತದೆ. ಪುಸ್ತಕದ ಕರ ಎತ್ತಲು ಕಚೇರಿ ಖರ್ಚಿನ ಲೆಕ್ಕ ಇದೆ ಅಂದಮೇಲೆ ನೀರಿಗೆ ಯಾಕೆ ಆಗುವುದಿಲ್ಲ?

ಅನುದಾನ ಟ್ಯಾಂಕು ಕಟ್ಟುತ್ತದೆ, ಸಂಬಳ ಕೊಡುವುದಿಲ್ಲ

"ಸರ್ಕಾರದ ಅನುದಾನ ಬರುತ್ತಲ್ಲ, ನಮಗ್ಯಾಕೆ ತಲೆಬಿಸಿ" ಅನ್ನುವ ಮಾತು ಚಹಾ ಅಂಗಡಿಯಲ್ಲಿ ಕೇಳಿಬರುತ್ತದೆ. ಇದು ಅರ್ಧ ಸತ್ಯ. 15ನೇ ಹಣಕಾಸು ಆಯೋಗ ನಮ್ಮಂಥ ಸಣ್ಣ ಊರುಗಳಿಗೆ ಕೊಟ್ಟ ಅನುದಾನದಲ್ಲಿ ಶೇ. 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತು. ಉಳಿದ ಶೇ. 40ನ್ನು ಊರಿನ ಅಗತ್ಯಕ್ಕೆ ಬಳಸಬಹುದಿತ್ತು, ಆದರೆ ಸಂಬಳ ಮತ್ತು ಸಿಬ್ಬಂದಿ ವೆಚ್ಚಕ್ಕೆ ಬಳಸುವಂತಿಲ್ಲ ಅಂತ ಷರತ್ತು ಇತ್ತು. 2021ರ ಅಮೃತ್ 2.0 ಯೋಜನೆಯ ದುಡ್ಡೂ ಕಟ್ಟುವ ಕೆಲಸಕ್ಕೇ.

ಪರಿಣಾಮ ಏನು? ಹೊಸ ಟ್ಯಾಂಕು ಏಳುತ್ತದೆ, ಫಲಕ ಬೀಳುತ್ತದೆ, ಫೋಟೋ ಬರುತ್ತದೆ. ಆ ಟ್ಯಾಂಕಿನ ವಾಲ್ವು ತಿರುಗಿಸುವವನ ಸಂಬಳ, ಪಂಪಿನ ಕರೆಂಟು, ಬಿಲ್ಲು ಬರೆಯುವವರ ಖರ್ಚು ಬೇರೆ ಕಡೆಯಿಂದ ಬರಬೇಕು. ಬರದಿದ್ದರೆ ಮೊದಲು ಏಟು ಬೀಳುವುದು ಯಾರಿಗೆ? ಹೊರಗುತ್ತಿಗೆಯ ನೀರಿನ ಕೆಲಸಗಾರನಿಗೆ. ಬೆಳಗಿನ ಜಾವ ನಾವು ಸುಬಹಿಗೆ ಹೊರಡುವ ಹೊತ್ತಿಗೆ ಸೈಕಲ್ಲಿಗೆ ಕಬ್ಬಿಣದ ಕೀಲಿ ಕಟ್ಟಿಕೊಂಡು ಎದುರಿಗೆ ಸಿಗುವವನು ಅವನೇ. ತಿಂಗಳ ಸಂಬಳ ತಡವಾಯಿತು ಅಂತ ಯಾವುದೇ ಊರಿನಲ್ಲಿ ಇಂಥವರು ಕೆಲಸ ನಿಲ್ಲಿಸಿದಾಗ ನಾವು "ನೀರಿಲ್ಲ, ನೀರಿಲ್ಲ" ಅಂತ ಬೈಯುತ್ತೇವೆ. ಅವನ ಸಂಬಳ ಯಾವ ಖಾತೆಯಿಂದ ಬರಬೇಕಿತ್ತು ಅಂತ ಒಬ್ಬರೂ ಕೇಳುವುದಿಲ್ಲ.

ವಿದ್ಯುತ್ ಬಾಕಿಯ ಕಥೆಯೂ ಹೀಗೇ. ನೀರೆತ್ತುವ ಪಂಪು ಮತ್ತು ಬೀದಿ ದೀಪದ ಬಿಲ್ಲನ್ನು ಸ್ಥಳೀಯ ಸಂಸ್ಥೆಗಳು ವಿದ್ಯುತ್ ಕಂಪೆನಿಗೆ ಕೊಡಬೇಕು. ಅದಕ್ಕೆ ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ ವಿದ್ಯುತ್ ಬಾಬ್ತು ಅಂತ ಬೇರೆಯೇ ಬರುತ್ತದೆ. ಇನ್ನೊಂದು ಕಡೆ ಕಂಪೆನಿ ಕೇಬಲ್ಲು ಹಾಕಲು ರಸ್ತೆ ಅಗೆದರೆ ಊರಿಗೆ ಶುಲ್ಕ ಕೊಡಬೇಕು. ಹಾಗೆಯೇ ಪುರಸಭೆ ತನ್ನ ಪಾರ್ಕಿಗೆ, ತನ್ನ ಕಚೇರಿಗೆ ಬಳಸುವ ನೀರಿಗೆ ತಾನೇ ಬಿಲ್ಲು ಬರೆದುಕೊಳ್ಳುತ್ತದೆಯೇ? ಕಚೇರಿ ನೀರಿನ ವಿಭಾಗಕ್ಕೆ ಖರ್ಚು ಹೊರಿಸುವುದಾದರೆ, ಕಚೇರಿ ಕುಡಿದ ನೀರಿನ ಬೆಲೆಯನ್ನೂ ಆ ವಿಭಾಗಕ್ಕೆ ಜಮಾ ಮಾಡಬೇಕು. ಲೆಕ್ಕ ಅಂದಮೇಲೆ ಎರಡೂ ಕಡೆ ಬರೆಯಬೇಕು.

ಸಣ್ಣ ಊರಿಗೆ ಇಷ್ಟೆಲ್ಲ ಬೇಕಾ?

ಬೇಕು. 2011ರ ಜನಗಣತಿಯಲ್ಲಿ ಕೃಷ್ಣರಾಜನಗರ ಪಟ್ಟಣದ ಜನಸಂಖ್ಯೆ ಸುಮಾರು 35 ಸಾವಿರ. ಇಷ್ಟು ಜನರಿಗೆ ಬೆಂಗಳೂರಿನ ಹಾಗೆ ಬೇರೆ ಜಲಮಂಡಳಿ ಮಾಡಿ ಅಂತ ನಾವು ಹೇಳುತ್ತಿಲ್ಲ. ಮಾಡಿದರೆ ಇನ್ನೊಬ್ಬ ಅಧಿಕಾರಿ, ಇನ್ನೊಂದು ಜೀಪು, ಇನ್ನೊಂದು ಬೋರ್ಡು, ಖರ್ಚು ಜಾಸ್ತಿಯೇ ಆಗುತ್ತದೆ. ಒಂದೇ ಕಚೇರಿಯಲ್ಲಿ ಹತ್ತು ಕೆಲಸ ಮಾಡುವುದು ಸಣ್ಣ ಊರಿಗೆ ಉಳಿತಾಯ. ಆ ಉಳಿತಾಯ ಎಷ್ಟು, ಯಾರಿಗೆ ಹೋಯಿತು ಅಂತ ಗೊತ್ತಾಗಲು ಕಾಗದದ ಮೇಲೆ ಬೇರ್ಪಡಿಸಿದರೆ ಸಾಕು. ಗೋಡೆ ಕಟ್ಟಬೇಕಾಗಿಲ್ಲ, ಗೆರೆ ಎಳೆದರಾಯಿತು.

ಅದಕ್ಕೆ ಹೊಸ ಕಾನೂನೂ ಬೇಕಿಲ್ಲ. 2006ರಲ್ಲೇ ಕರ್ನಾಟಕ ಪೌರಸಂಸ್ಥೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ಬಂದು ಹಳೆಯ ಜಮಾ-ಖರ್ಚು ಪುಸ್ತಕದ ಜಾಗದಲ್ಲಿ ಜೋಡಿ ನಮೂದಿನ ಪದ್ಧತಿ ಬಂದಿದೆ. ಬಜೆಟ್ಟಿಗೆ ಮುಂಚೆ ಸಾರ್ವಜನಿಕರನ್ನು ಕರೆದು ಸಭೆ ಮಾಡುವ ಪದ್ಧತಿಯೂ ಇದೆ. ಆ ಸಭೆಗೆ ಹೋಗುವವರು ಎಷ್ಟು ಜನ? ರಸ್ತೆ ಹಾಕಿಸಿ, ದೀಪ ಹಾಕಿಸಿ ಅಂತ ಕೇಳಿ ಬರುವವರೇ ಹೆಚ್ಚು.

ಈ ಸಲ ಹೋಗುವವರು ಮೂರು ಮಾತು ಕೇಳಿ. ಒಂದು, ನೀರಿನ ವಿಭಾಗದ ಆದಾಯ ಮತ್ತು ಖರ್ಚನ್ನು ಒಂದೇ ಹಾಳೆಯಲ್ಲಿ ಹಾಕಿ, ಕಚೇರಿ ಖರ್ಚಿನ ಪಾಲು ಯಾವ ಅಳತೆಯಿಂದ ಬಂತು ಅಂತ ಕೆಳಗೆ ಬರೆದು ನೋಟಿಸ್ ಬೋರ್ಡಿಗೆ ಹಚ್ಚಿ. ಎರಡು, ಆ ಪಾಲಿಗೆ ಕೌನ್ಸಿಲ್ಲೇ ಒಂದು ಮಿತಿ ನಿರ್ಣಯಿಸಲಿ, ಮಿತಿ ಮೀರಿದರೆ ಸಾಮಾನ್ಯ ನಿಧಿಯೇ ಹೊರಲಿ. ಮೂರು, ಬೀದಿ ನಲ್ಲಿ ಮತ್ತು ಬಡವರ ಮನೆಯ ಒಂದು ನಲ್ಲಿಗೆ ಪಂಪು-ಪೈಪಿನ ಖರ್ಚು ಮಾತ್ರ ಲೆಕ್ಕ ಹಿಡಿಯಲಿ, ಕಚೇರಿಯ ಭಾರವನ್ನು ಹೆಚ್ಚು ಬಳಸುವ ಹೋಟೆಲು, ಲಾಡ್ಜು, ಕಲ್ಯಾಣ ಮಂಟಪಗಳು ಹೊರಲಿ. ನಮ್ಮವರ ಹೋಟೆಲುಗಳೂ ಇದರಲ್ಲಿ ಬರುತ್ತವೆ ಅಂತ ನಮಗೆ ಗೊತ್ತು. ಗೊತ್ತಿದ್ದೇ ಹೇಳುತ್ತಿದ್ದೇವೆ.

ಸಭೆಯಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ, ಅರ್ಜಿ ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಹತ್ತು ರೂಪಾಯಿಗೆ ಇವತ್ತು ಒಂದು ಚಹಾ ಬರುವುದೂ ಕಷ್ಟ.

ಕೊನೆಗೆ ನಮ್ಮ ಆ ಮಹಾಸಭೆಯ ಮಾತು. ಅವತ್ತು ಹಿರಿಯರ ಪ್ರಶ್ನೆಗೆ ಖಜಾಂಚಿ ಸಿಟ್ಟು ಮಾಡಿಕೊಳ್ಳಲಿಲ್ಲ. ಮುಂದಿನ ತಿಂಗಳು ಮೂರು ಕಡೆಗೂ ಸಣ್ಣ ಸಬ್‌ಮೀಟರು ಹಾಕಿಸಿದರು. ಲೆಕ್ಕ ಬಂದಾಗ ಗೊತ್ತಾದದ್ದು, ಹೆಚ್ಚು ಕರೆಂಟು ಹೋಗುತ್ತಿದ್ದದ್ದು ಬಾಡಿಗೆ ಕೋಣೆಗಳಿಗೆ, ಎರಡನೆಯದು ಹೌಳಿಗೆ, ಕೊನೆಯದು ಮದ್ರಸಕ್ಕೆ. ಕೋಣೆಯವರು ಸ್ವಲ್ಪ ಗೊಣಗಿದರು, ಆಮೇಲೆ ಕೊಟ್ಟರು. ಮಕ್ಕಳ ಫೀಸು ಆ ವರ್ಷ ಏರಲಿಲ್ಲ.